ಮಾಡು ಸೋರುವ ಮೊದಲೇ: ನಮ್ಮ ಗ್ರಾಮ ಪಂಚಾಯಿತಿಗೆ ಒಂದು ಬಹಿರಂಗ ಪತ್ರ

ಮಾನ್ಯ ಅಧ್ಯಕ್ಷರಿಗೆ, ಸದಸ್ಯರಿಗೆ ಮತ್ತು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳಿಗೆ,

ನಮಸ್ಕಾರಗಳು.

ಅಡಿಕೆ ಕೊಯ್ಲು ಮುಗಿದಿದೆ, ಶಿವರಾತ್ರಿಯೂ ಕಳೆಯಿತು. ರೋಹಿಣಿ ಮಳೆಗೆ ಇನ್ನು ಮೂರು ತಿಂಗಳು ಬಾಕಿ. ಅಷ್ಟರೊಳಗೆ ನಮ್ಮ ಊರುಗಳಲ್ಲಿ ಎಷ್ಟೋ ಮನೆಗಳ ಮಾಡು, ಅಂದರೆ ಮೇಲ್ಛಾವಣಿ, ರಿಪೇರಿ ಆಗಬೇಕಿದೆ. ಆ ಕೆಲಸ ಬಲ್ಲವರು ನಮ್ಮ ಪಂಚಾಯಿತಿ ವ್ಯಾಪ್ತಿಯಲ್ಲಿ ಎಷ್ಟು ಮಂದಿ ಇದ್ದಾರೆ, ಯಾರಿಗೆ ಹಂಚಿನ ಕೆಲಸ ಗೊತ್ತು, ಯಾರಿಗೆ ಶೀಟಿನ ಕೆಲಸ ಗೊತ್ತು, ಮೇಲಿಂದ ಬಿದ್ದರೆ ಅವರ ಸಂಸಾರಕ್ಕೆ ಯಾರು ದಿಕ್ಕು ಎಂದು ಕೇಳಿದರೆ ಹೇಳಬಲ್ಲ ಒಂದು ಪುಸ್ತಕ ನಿಮ್ಮ ಕಚೇರಿಯಲ್ಲಿ ಇಲ್ಲ. ಅಂಥ ಒಂದು ಪುಸ್ತಕ ಇಡಿ ಎಂದು ಕೇಳಿಕೊಳ್ಳಲು ಈ ಪತ್ರ. ಮನೆಮನೆಯ ವಿಷಯವೂ ಆದ್ದರಿಂದ ಊರವರೆಲ್ಲ ಓದಲಿ ಎಂದು ಬಹಿರಂಗವಾಗಿ ಬರೆಯುತ್ತಿದ್ದೇನೆ.

ನಾನು ನಮ್ಮೂರ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತಳಾದವಳು. ನಮ್ಮದು ಅಜ್ಜನ ಕಾಲದ ಹಂಚಿನ ಮನೆ. ದೊಡ್ಡ ಮಾಡಿಗೆ ಅಡುಗೆಮನೆಯ ಮಾಡು ಅಡ್ಡಲಾಗಿ ಬಂದು ಕೂಡುತ್ತದೆ. ಎರಡೂ ಕೂಡುವ ಒಳಮೂಲೆಯಲ್ಲಿ ಎರಡು ಮಳೆಗಾಲದಿಂದ ಸೋರುತ್ತಿತ್ತು. ಮೊದಲು ಒಂದು ಪಾತ್ರೆ ಇಟ್ಟೆವು, ಆಮೇಲೆ ಮೂರು. ಹೋದ ವರ್ಷ ಮೇ ಮೊದಲ ವಾರದಲ್ಲಿ ನಾನು ಕೆಲಸದವರನ್ನು ಹುಡುಕಲು ಹೊರಟಾಗ ಗುರುತಿದ್ದವರೆಲ್ಲರ ಕೈಯಲ್ಲೂ ನಾಲ್ಕು ನಾಲ್ಕು ಮನೆಗಳ ಕೆಲಸ ಇತ್ತು. ಬಸ್ ನಿಲ್ದಾಣದ ಗೋಡೆಗೆ ಅಂಟಿಸಿದ್ದ ಒಂದು ಚೀಟಿಯ ನಂಬರಿಗೆ ಫೋನ್ ಮಾಡಿದೆ. ಅವತ್ತು ಸಂಜೆಯೇ ಒಬ್ಬರು ಬೈಕಿನಲ್ಲಿ ಬಂದರು. ಅಂಗಳದಲ್ಲಿ ನಿಂತು, ತಲೆಯೆತ್ತಿ ನೋಡಿ, ಮೊಬೈಲಿನಲ್ಲಿ ಎರಡು ಫೋಟೋ ತೆಗೆದುಕೊಂಡರು. ಒಳಗೆ ಬರಲಿಲ್ಲ. ಅಟ್ಟ ಹತ್ತಲಿಲ್ಲ. "ಇದೆಲ್ಲ ಆಯಸ್ಸು ಮುಗ್ದಿದೆ ಮೇಡಂ. ಪೂರ್ತಿ ತೆಗ್ದು ಶೀಟ್ ಹಾಕಿದ್ರೆ ಮೂವತ್ತು ವರ್ಷ ಆ ಕಡೆಗೂ ನೋಡ್ಬೇಕಾಗಿಲ್ಲ" ಅಂದರು. ಎರಡು ಲಕ್ಷದ ಅರವತ್ತು ಸಾವಿರ ಆಗುತ್ತದೆ, ಮಾಲು ತರಲು ಎಂಬತ್ತು ಸಾವಿರ ಮುಂಗಡ ಬೇಕು ಎಂದರು. ನಾನು ಕೊಟ್ಟೆ. ಚೀಟಿ ಬರೆಸಿಕೊಳ್ಳಲಿಲ್ಲ. 31 ವರ್ಷ ಮಕ್ಕಳ ಕೈಯಲ್ಲಿ ಪ್ರತಿಯೊಂದನ್ನೂ ಬರೆಸಿದವಳು ನಾನು. ಅವತ್ತು ಮಾತ್ರ ಮಳೆಯ ಗಡಿಬಿಡಿಯಲ್ಲಿ ಬಾಯಿಮಾತನ್ನೇ ನಂಬಿದೆ.

ಮೂರನೇ ದಿನ ಮೂವರು ಹುಡುಗರು ಬಂದು ಅಡುಗೆಮನೆಯ ಕಡೆಯಿಂದ ಹಂಚು ಇಳಿಸಲು ಶುರುಮಾಡಿದರು. ಕೆಳಗೆ ಹಿಡಿದುಕೊಳ್ಳುವವರಿಲ್ಲದೆ ಜಾರಿಸಿ ಬಿಡುತ್ತಿದ್ದರು. ಎರಡು ದಿನದಲ್ಲಿ ಸುಮಾರು ಒಂಬೈನೂರು ಹಂಚು ಇಳಿಸಿದರು, ಅದರಲ್ಲಿ ಇನ್ನೂರಕ್ಕೂ ಹೆಚ್ಚು ಒಡೆದವು. ಆಮೇಲೆ ಯಾರೂ ಬರಲಿಲ್ಲ. "ಶೀಟ್ ಲೋಡ್ ಆಗಿದೆ", "ನಾಳೆ ಗ್ಯಾರಂಟಿ" ಎಂದು ನಾಲ್ಕು ದಿನ ಉತ್ತರ ಬಂತು. ಐದನೇ ದಿನದಿಂದ ಫೋನ್ ಸ್ವಿಚ್ ಆಫ್.

ರೋಹಿಣಿ ಹುಟ್ಟುವ ಎರಡು ದಿನ ಮೊದಲೇ ಗುಡುಗಿನ ಮಳೆ ಬಂತು. ಟರ್ಪಾಲು ಕಟ್ಟಿದ್ದೆವು. ಗಾಳಿಗೆ ಒಂದು ಮೂಲೆ ಬಿಚ್ಚಿಕೊಂಡು ರಾತ್ರಿಯೆಲ್ಲ ಪಟಪಟ ಬಡಿಯಿತು. ನನ್ನ ಅಮ್ಮನಿಗೆ 84 ವರ್ಷ. ಮಂಚ ಮೂರು ಸಲ ಜರುಗಿಸಿದೆವು. ಆಕೆ ಮಲಗಲೇ ಇಲ್ಲ. ಅಡುಗೆಮನೆ ಅಟ್ಟದ ಮೇಲೆ ಬೀಜದ ಭತ್ತ ಇತ್ತು. "ಬೀಜ ಇಳ್ಸಿ ಮೊದ್ಲು, ಬೀಜ ಇಳ್ಸಿ" ಎಂದು ಒಂದೇ ಮಾತು. ನಾನೂ ಪಕ್ಕದ ಮನೆಯ ಹುಡುಗನೂ ಬ್ಯಾಟರಿ ಬೆಳಕಿನಲ್ಲಿ ಚೀಲ ಇಳಿಸುವಷ್ಟರಲ್ಲಿ ಎರಡು ಚೀಲ ತಳದಿಂದ ನೆಂದಿದ್ದವು. ಬೆಳಗ್ಗೆ ಅಮ್ಮ ಜಗಲಿಯ ಮೇಲೆ ಆ ಭತ್ತವನ್ನು ಹರಡಿ, ಕೈಯಿಂದ ಎಳೆದೆಳೆದು ಆರಿಸುತ್ತ ಕೂತಿದ್ದರು. ಮೂರನೇ ದಿನಕ್ಕೆ ಅದರಲ್ಲಿ ಬಿಳಿ ಮೊಳಕೆ ಕಾಣಿಸಿತು.

ಆಗ ನಮ್ಮ ಅಪ್ಪನ ಕಾಲದಲ್ಲಿ ಹಂಚು ಕೈಯಾಡಿಸಲು (ತೆಗೆದು ಸರಿಯಾಗಿ ಜೋಡಿಸಲು) ಬರುತ್ತಿದ್ದ ಹಿರಿಯ ಮೇಸ್ತ್ರಿಯ ಮನೆಗೆ ಹೋದೆ. ಅವರು ಕೆಲಸ ಬಿಟ್ಟು ವರ್ಷಗಳಾಗಿವೆ. ಹಿಂದೊಮ್ಮೆ ಯಾರದೋ ಕೊಟ್ಟಿಗೆಯ ಸಿಮೆಂಟ್ ಶೀಟಿನ ಮೇಲೆ ಕಾಲಿಟ್ಟಾಗ ಶೀಟು ಒಡೆದು ಕೆಳಗೆ ಬಿದ್ದು ಸೊಂಟ ಮುರಿದುಕೊಂಡವರು. ಆದರೂ ರಿಕ್ಷಾದಲ್ಲಿ ಬಂದರು. ತಂಗಿಯ ಮಗನನ್ನು ಜೊತೆಗೆ ಕರೆತಂದರು, ನನ್ನ ಹತ್ತಿರ ನಾಲ್ಕನೇ ಕ್ಲಾಸು ಓದಿದ ಹುಡುಗ.

ಮೇಸ್ತ್ರಿ ಮಾಡು ನೋಡಿದ ಬಗೆಯನ್ನು ಬರೆಯಲೇಬೇಕು. ಮಧ್ಯಾಹ್ನ ಹನ್ನೆರಡು ಗಂಟೆಗೆ ಬಾಗಿಲು ಕಿಟಕಿ ಎಲ್ಲ ಮುಚ್ಚಿಸಿ, ಕತ್ತಲೆಯಲ್ಲಿ ಒಂದೊಂದೇ ಕೋಣೆಯಲ್ಲಿ ಮೇಲೆ ನೋಡುತ್ತ ನಿಂತರು. ಹಂಚಿನ ಸಂದಿಯಿಂದ ಬೆಳಕಿನ ಚುಕ್ಕೆ ಬಿದ್ದಲ್ಲೆಲ್ಲ ನೆಲದ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿಸಿದರು. ಪಕಾಸಿನ (ಮಾಡು ಹೊರುವ ಇಳಿಜಾರು ಮರದ) ಮೇಲೆ ನೀರು ಇಳಿದ ಕಪ್ಪು ಗೆರೆಯನ್ನು ಹುಡುಗನ ಕೈಯಲ್ಲಿ ಮೇಲ್ಮುಖವಾಗಿ ತೋರಿಸಿಕೊಂಡು ಹೋದರು, ಏಕೆಂದರೆ ನೀರು ಬೀಳುವುದು ಒಂದು ಕಡೆ, ಒಳಗೆ ಬರುವುದು ಆರೇಳು ಅಡಿ ಆಚೆ. ಚಾಕುವಿನ ತುದಿಯಿಂದ ರೀಪು (ಹಂಚು ಕೂರುವ ಅಡ್ಡಪಟ್ಟಿ) ಚುಚ್ಚಿಸಿ ಗೆದ್ದಲು ಎಲ್ಲೆಲ್ಲಿ ತಿಂದಿದೆ ನೋಡಿದರು. ಆಮೇಲೆ ಹುಡುಗನನ್ನು ಮೇಲೆ ಹತ್ತಿಸಿ ಒಳಮೂಲೆಗೆ ಒಂದು ಕೊಡ ನೀರು ಹೊಯ್ಯಿಸಿದರು. ಕೆಳಗೆ ಸರಿಯಾಗಿ ಹಳೆಯ ಜಾಗದಲ್ಲೇ ತೊಟ್ಟಿಕ್ಕಿತು. "ಟೀಚ್ರೇ, ಹಂಚು ಗಟ್ಟಿ ಇದಾವೆ. ಒಳಮೂಲೆ ತಗಡು ತುಕ್ಕು ಹಿಡ್ದು ತೂತಾಗಿದೆ, ಅಷ್ಟೇ. ಆ ತಗಡಿನ ಮೇಲೆ ಎಲೆ ಕೊಳ್ತು ಕಟ್ಕೊಂಡು ನೀರು ಹಿಂದಕ್ಕೆ ಹೊಡೀತದೆ" ಅಂದರು. ನೆತ್ತಿಯ ಹಂಚಿನ ಗಾರೆ ಎರಡು ಕಡೆ ಬಿರಿದಿತ್ತು. ಮೂರು ರೀಪು ಬದಲಿಸಬೇಕಿತ್ತು. ಸೋರಿಕೆಯ ಕಥೆ ಇಷ್ಟೇ. ಇಳಿಸಿ ಒಡೆದ ಹಂಚುಗಳ ಬದಲಿಗೆ ಬೇರೆ ಹಂಚು ಹುಡುಕಿ, ಮತ್ತೆ ಹೊದಿಸಿ ಮುಗಿಸಿದಾಗ ಒಟ್ಟು 46 ಸಾವಿರ ಖರ್ಚಾಯಿತು. ಹಂಚು ಇಳಿಸದೇ ಇದ್ದಿದ್ದರೆ ಹದಿನೈದು ಸಾವಿರದಲ್ಲಿ ಮುಗಿಯುತ್ತಿತ್ತು ಎಂದು ಮೇಸ್ತ್ರಿ ಲೆಕ್ಕ ಹೇಳಿದರು.

ಬದಲಿ ಹಂಚು ಹುಡುಕಿದ್ದು ಇನ್ನೊಂದು ಪಾಡು. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದ ಮೇಲೆ ಕರಾವಳಿಯಲ್ಲಿ ಒಂದರ ಹಿಂದೆ ಒಂದು ಕಾರ್ಖಾನೆ ಎದ್ದವು. ಘಟ್ಟ ಹತ್ತಿ ಬಂದ ಆ ಹಂಚು ನಮ್ಮ ಹುಲ್ಲಿನ ಮಾಡುಗಳ ಜಾಗಕ್ಕೆ ಬಂತು. ಈಗ ಅವುಗಳಲ್ಲಿ ಬಹಳಷ್ಟು ಮುಚ್ಚಿವೆ. ಒಂದು ಕಾರ್ಖಾನೆಯ ಹಂಚಿನ ತೋಡು ಇನ್ನೊಂದರ ಹಂಚಿಗೆ ಸರಿಯಾಗಿ ಕೂರುವುದಿಲ್ಲ. ನೋಡಲು ಒಂದೇ ಥರ ಕಂಡರೂ ಒಂದು ನೂಲು ವ್ಯತ್ಯಾಸ ಇದ್ದರೆ ಸಾಕು, ಗಾಳಿಮಳೆಗೆ ಆ ಸಂದಿಯಲ್ಲಿ ನೀರು ಒಳಗೆ ಬರುತ್ತದೆ. ಹಾಗಾಗಿ ನಮ್ಮ ಹಂಚಿನ ಬೆನ್ನ ಮೇಲಿನ ಮುದ್ರೆಯನ್ನೇ ಹೋಲುವ ಹಂಚನ್ನು, ಕೆಡವುತ್ತಿದ್ದ ಒಂದು ಹಳೆಯ ಮನೆಯಿಂದ ತಂದೆವು. ಅಲ್ಲಿ ಜೆಸಿಬಿ ಬಂದು ನಿಂತಿತ್ತು. ಒಂದು ದಿನ ತಡವಾಗಿದ್ದರೆ ಅಷ್ಟೂ ಹಂಚು ರಸ್ತೆಯ ಗುಂಡಿಗೆ ಹೋಗುತ್ತಿದ್ದವು.

ಇದು ನನ್ನೊಬ್ಬಳ ಗೋಳಾಗಿದ್ದರೆ ನಿಮ್ಮ ಸಮಯ ತೆಗೆದುಕೊಳ್ಳುತ್ತಿರಲಿಲ್ಲ. ಆಗುಂಬೆಯಂಥ ಕಡೆ ವರ್ಷಕ್ಕೆ ಸರಾಸರಿ 7,000 ಮಿ.ಮೀ. ದಾಟಿ ಮಳೆ ಬೀಳುವ ತಾಲ್ಲೂಕು ನಮ್ಮದು. ನಮ್ಮಲ್ಲಿ ಮಾಡು ಎಂದರೆ ಮನೆಯ ಮುಖ್ಯ ಅಂಗ. ಅದನ್ನು ರಿಪೇರಿ ಮಾಡಿಸುವ ವ್ಯವಹಾರ ಮಾತ್ರ ಪೂರ್ತಿ ಬಾಯಿಮಾತಿನ ಮೇಲೆ, ಪೂರ್ತಿ ಅವಸರದ ಮೇಲೆ ನಿಂತಿದೆ. ಮಳೆಗೆ ಸೋರಿ ಮನೆ ಹಾಳಾದರೆ ಸರ್ಕಾರ ನೋಡಿಕೊಳ್ಳುತ್ತದೆ ಎಂದು ಕೆಲವರು ತಿಳಿದಿದ್ದಾರೆ. ಕೇಂದ್ರದ 2022ರ ವಿಪತ್ತು ಪರಿಹಾರ ಮಾನದಂಡದಲ್ಲಿ ಭಾಗಶಃ ಹಾನಿಯಾದ ಪಕ್ಕಾ ಮನೆಗೆ ಇಟ್ಟಿರುವುದು 6,500 ರೂಪಾಯಿ, ಅದೂ ಕನಿಷ್ಠ ಶೇ. 15ರಷ್ಟು ಹಾನಿಯಾಗಿದ್ದರೆ. ಕೆಲಸ ಅರ್ಧಕ್ಕೆ ಬಿಟ್ಟುಹೋದ ಮಾಡಿನಿಂದ ನೀರು ಬಂದರೆ ಅದಕ್ಕೆ ಯಾವ ಪರಿಹಾರವೂ ಇಲ್ಲ.

ಶೀಟು ಹಾಕಿಸುವವರನ್ನು ನಾನು ತಪ್ಪು ಎನ್ನುವುದಿಲ್ಲ. ಮಂಗಗಳ ಹಿಂಡು ಮಾಡಿನ ಮೇಲೆ ಹಾರಿ ವಾರಕ್ಕೆ ಹತ್ತು ಹಂಚು ಒಡೆಯುವ ಮನೆಗಳನ್ನು ಕಂಡಿದ್ದೇನೆ. ವಯಸ್ಸಾದ ಗಂಡ ಹೆಂಡತಿ ಇಬ್ಬರೇ ಇರುವ ಮನೆಯಲ್ಲಿ ಪ್ರತಿ ವರ್ಷ ಹಂಚು ಕೈಯಾಡಿಸುವುದು ಆಗದ ಮಾತು. ಅವರು ಶೀಟಿಗೆ ಹೋಗಲಿ. ಆದರೆ ಏನು ಕೊಳ್ಳುತ್ತಿದ್ದೇವೆ ಎಂದು ಗೊತ್ತಿದ್ದು ಹೋಗಲಿ. "ಪಾಯಿಂಟ್ ಫೈವ್" ಎಂದು ಹೇಳಿ ಅದಕ್ಕಿಂತ ತೆಳುವಾದ ಶೀಟು ಇಳಿಸುವುದು ನಡೆಯುತ್ತಿದೆ. ಕೆಲವರು ಬಣ್ಣದ ಲೇಪ ಸೇರಿಸಿ ದಪ್ಪ ಹೇಳುತ್ತಾರೆ, ಕೆಲವರು ಬರೀ ಉಕ್ಕಿನ ದಪ್ಪ ಹೇಳುತ್ತಾರೆ. ಯಾವುದು ಎಂದು ಕೇಳಿ ಬರೆಸಿಕೊಳ್ಳಬೇಕು. 0.5 ಮಿ.ಮೀ. ದಪ್ಪದ ಉಕ್ಕಿನ ತಗಡು ಒಂದು ಚದರ ಮೀಟರಿಗೆ ಹತ್ತಿರ ಹತ್ತಿರ ನಾಲ್ಕು ಕೆ.ಜಿ. ತೂಗುತ್ತದೆ, ಮಡಿಕೆ ಬಿಚ್ಚಿದ ಅಗಲವನ್ನು ಲೆಕ್ಕ ಹಿಡಿಯಬೇಕು. ಅಡಿಕೆ ತೂಗುವ ತಕ್ಕಡಿ ಎಲ್ಲರ ಮನೆಯಲ್ಲೂ ಇದೆ. ಸ್ಕ್ರೂವಿನ ಕೆಳಗಿನ ರಬ್ಬರ್ ವಾಷರ್ ಮೇಲೂ ಒಂದು ಕಣ್ಣಿರಲಿ: ಅತಿಯಾಗಿ ಬಿಗಿದರೆ ಅದು ಹಿಸುಕಿ ಬಿರಿಯುತ್ತದೆ, ಸಡಿಲ ಬಿಟ್ಟರೆ ಅಲ್ಲಿಂದಲೇ ನೀರು. ಹಳೆಯ ಸಿಮೆಂಟ್ ಶೀಟು ತೆಗೆಸುವವರು ಇನ್ನೂ ಎಚ್ಚರ ವಹಿಸಬೇಕು. ಅದರಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುತ್ತದೆ. ಎಲ್ಲ ಬಗೆಯ ಕಲ್ನಾರೂ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ನೀರು ಹಾಕಿ ತೇವ ಮಾಡಿ, ಮೂಗು ಬಾಯಿಗೆ ಮಾಸ್ಕ್ ಕಟ್ಟಿ, ಒಡೆಯದೆ ಇಡಿಯಾಗಿ ಇಳಿಸಬೇಕು. ಶಾಲೆಯ ಪಕ್ಕದಲ್ಲೇ ಅದನ್ನು ಸುತ್ತಿಗೆಯಿಂದ ಒಡೆದು ಟಿಪ್ಪರಿಗೆ ತುಂಬಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಈಗ ಕೆಲಸಗಾರರ ಮಾತು. ಇದನ್ನು ಬರೆಯುವಾಗ ನನಗೆ ಹೆಚ್ಚು ಸಂಕಟವಾಗುತ್ತದೆ.

ಆ ಹುಡುಗ ನಮ್ಮ ಮಾಡು ಹತ್ತುವಾಗ ಹಂಚಿನ ಮೇಲೆ ಹಿಂದಿನ ರಾತ್ರಿಯ ಮಳೆಯಿಂದ ಹಾವಸೆ ನೆಂದು ಹಸಿರಾಗಿತ್ತು. ಚಪ್ಪಲಿ ಬಿಟ್ಟು, ಲುಂಗಿ ಎತ್ತಿ ಕಟ್ಟಿ, ಬರಿಗಾಲಲ್ಲಿ ಹತ್ತಿದ. ಪಕಾಸಿನ ನೇರಕ್ಕೆ ಕಾಲಿಡುತ್ತ ಹೋದ. ನೆತ್ತಿಯ ಹತ್ತಿರ ಒಂದು ಕಾಲು ಜಾರಿತು. ಗಾಜಿನ ಹಂಚಿನ ಅಂಚಿಗೆ ಮೊಣಕಾಲು ತಾಗಿ ನಿಂತ. ಕೆಳಗೆ ಕಲ್ಲುಚಪ್ಪಡಿ. ಮೇಸ್ತ್ರಿ ಜಗಲಿಯಲ್ಲಿ ಕೂತವರು ಏಳಲು ಹೋಗಿ, ಏಳಲಾಗದೆ, ಕಂಬ ಹಿಡಿದುಕೊಂಡರು. "ಹಗ್ಗ ಇಲ್ವಾ ಟೀಚ್ರೇ ಮನೇಲಿ?" ಎಂದು ಕೇಳಿದರು. ಬಾವಿಯ ಹಗ್ಗ ಬಿಚ್ಚಿ ತಂದೆ. ಅದನ್ನು ನೆತ್ತಿಯ ಆಚೆ ಎಸೆದು ಹಲಸಿನ ಮರಕ್ಕೆ ಕಟ್ಟಿ, ಇನ್ನೊಂದು ತುದಿಯನ್ನು ಹುಡುಗನ ಸೊಂಟಕ್ಕೆ ಬಿಗಿದೆವು. ಹಗ್ಗ ಮೊದಲೇ ನನ್ನ ಮನೆಯಲ್ಲಿತ್ತು. ಕೇಳುವವರೆಗೆ ನನಗೆ ಹೊಳೆಯಲಿಲ್ಲ. ಇಂಥ ಕೆಲಸಕ್ಕೆ ಸರಿಯಾದ ಸೇಫ್ಟಿ ಬೆಲ್ಟ್ ಬೇಕು, ಬಾವಿ ಹಗ್ಗ ಸಾಲದು.

ಮೇಸ್ತ್ರಿ ಬಿದ್ದಾಗ ಅವರ ಬಳಿ ಕಾರ್ಮಿಕ ಕಾರ್ಡು ಇರಲಿಲ್ಲ. ಕರ್ನಾಟಕ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ 18ರಿಂದ 60 ವರ್ಷದೊಳಗಿನ, ಹಿಂದಿನ ಹನ್ನೆರಡು ತಿಂಗಳಲ್ಲಿ ಕನಿಷ್ಠ 90 ದಿನ ನಿರ್ಮಾಣದ ಕೆಲಸ ಮಾಡಿದವರು ಹೆಸರು ನೋಂದಾಯಿಸಬಹುದು. ನೋಂದಾಯಿಸಿದವರಿಗೆ ಅಪಘಾತ, ಚಿಕಿತ್ಸೆ, ಪಿಂಚಣಿ, ಮಕ್ಕಳ ಓದಿಗೆ ನೆರವು ಇದೆ. ರಿಪೇರಿ ಕೆಲಸವೂ ಇದರಲ್ಲಿ ಬರುತ್ತದೆ. ನಮ್ಮ ಮಾಡಿನ ಕೆಲಸದವರಲ್ಲಿ ಹೆಚ್ಚಿನವರು ಮಾಡಿಸಿಲ್ಲ. ಇವತ್ತು ಒಂದು ಮನೆ, ನಾಳೆ ಇನ್ನೊಂದು ಮನೆ ಎಂದು ತಿರುಗುವವರಿಗೆ ತೊಂಬತ್ತು ದಿನದ ಲೆಕ್ಕ ಬರೆದು ಕೊಡುವವರು ಯಾರು? ಮಾಡಿಸಿಕೊಂಡ ಮನೆಯವರು ನಾವೇ ಕೊಡಬೇಕಿತ್ತು. ಕೊಟ್ಟಿಲ್ಲ. ಕೂಲಿ ಕೊಟ್ಟು, ಊಟ ಹಾಕಿ, ಕಳಿಸಿದ್ದೇವೆ. ಮೇಸ್ತ್ರಿಯ ಮಗ ಬೆಂಗಳೂರಿನಲ್ಲಿ ಬೈಕಿನ ಮೇಲೆ ಊಟ ತಲುಪಿಸುವ ಕೆಲಸ ಮಾಡುತ್ತಾನೆ. ಅಪ್ಪನ ಕೆಲಸಕ್ಕೆ ಅವನು ಬರಲಿಲ್ಲ ಎಂದು ದೂರಲು ನನಗೆ ಮನಸ್ಸು ಬರುವುದಿಲ್ಲ.

ಹೀಗಿರುವಾಗ ಪಂಚಾಯಿತಿ ಏನು ಮಾಡಬಹುದು ಎಂದು ಯೋಚಿಸಿದ್ದೇನೆ. ಮೊದಲನೆಯದಾಗಿ ಆ ಪುಸ್ತಕ. ನಮ್ಮ ವ್ಯಾಪ್ತಿಯಲ್ಲಿ ಮತ್ತು ಅಕ್ಕಪಕ್ಕದಲ್ಲಿ ಮಾಡಿನ ಕೆಲಸ ಬಲ್ಲವರ ಹೆಸರು, ಊರು, ಅವರು ಒಪ್ಪಿದರೆ ಫೋನ್ ನಂಬರು, ಯಾವ ಕೆಲಸದಲ್ಲಿ ಪಳಗಿದವರು, ಹಿಂದೆ ಯಾವ ಮನೆಗಳಲ್ಲಿ ಮಾಡಿದ್ದಾರೆ, ಇಷ್ಟು ಬರೆದಿಡಿ. ಹೊರಗಿನ ಗುತ್ತಿಗೆದಾರರು ಬಂದು ಕೆಲಸ ಹಿಡಿಯುವುದಾದರೆ ಅವರೂ ಬಂದು ವಿಳಾಸ ಬರೆಸಲಿ. ಯಾರನ್ನೂ ತಡೆಯಲು ನಾನು ಹೇಳುತ್ತಿಲ್ಲ. ಎಲ್ಲಿಂದ ಬಂದವರು, ಎಲ್ಲಿ ಸಿಗುತ್ತಾರೆ ಎಂಬುದು ಊರಿಗೆ ಗೊತ್ತಿರಲಿ.

ಅದರ ಜೊತೆ ಒಂದು ಪುಟದ ಕನ್ನಡದ ಒಪ್ಪಂದ ಪತ್ರ. ಏನು ಕೆಲಸ, ಎಷ್ಟು ಚದರ, ಯಾವ ಮಾಲು, ಎಷ್ಟು ದಪ್ಪ, ಎಷ್ಟು ದಿನ, ಯಾವ ಹಂತಕ್ಕೆ ಎಷ್ಟು ಹಣ ಎಂದು ಅದರಲ್ಲಿ ಇರಲಿ. ಹೊಸ ಮಾಲು ಅಂಗಳಕ್ಕೆ ಬಂದು ಇಳಿಯುವವರೆಗೆ ಹಳೆಯ ಮಾಡಿಗೆ ಕೈ ಹಚ್ಚಬಾರದು ಎಂಬ ಒಂದು ಸಾಲು ಮಾತ್ರ ಯಾವ ಕಾರಣಕ್ಕೂ ಬಿಟ್ಟುಹೋಗಬಾರದು. ಈ ಒಂದು ಸಾಲು ನನ್ನ ಬಳಿ ಇದ್ದಿದ್ದರೆ ಅಮ್ಮನ ಬೀಜದ ಭತ್ತ ಉಳಿಯುತ್ತಿತ್ತು. ಪತ್ರದ ಕೊನೆಯಲ್ಲಿ, ಕೆಲಸ ಮುಗಿದ ಮೇಲೆ ಮೊದಲ ದೊಡ್ಡ ಮಳೆ ಕಳೆಯುವವರೆಗೆ ಇಷ್ಟು ಹಣ ಬಾಕಿ ಇರುತ್ತದೆ ಎಂದು ಇಬ್ಬರೂ ಒಪ್ಪಿ ಬರೆಯಲಿ. ಕಾಗದ ಇದ್ದರೆ ಕಾನೂನಿನ ಬಾಗಿಲೂ ತೆರೆಯುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಇಂಥ ಸೇವೆಯ ಲೋಪಕ್ಕೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು, 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, 1915ಕ್ಕೆ ಫೋನ್ ಮಾಡಿ ಕೇಳಲೂಬಹುದು. ನಾನು ದೂರು ಕೊಡಲು ಹೋದಾಗ ಅಲ್ಲಿಯವರು ಮೊದಲು ಕೇಳಿದ ಪ್ರಶ್ನೆ "ರಸೀದಿ ಇದೆಯಾ?" ಫೋನಿನಲ್ಲಿ ಹಣ ಹಾಕಿದ ಗುರುತು ಇತ್ತು, ಯಾವ ಕೆಲಸಕ್ಕೆ ಎಂದು ಎಲ್ಲೂ ಇರಲಿಲ್ಲ. ಅದೇ ಕಾಗದ ಕೆಲಸಗಾರರಿಗೂ ಆಸರೆ. ಕೆಲಸ ಮುಗಿಸಿಕೊಂಡು "ಮುಂದಿನ ಕೊಯ್ಲಿಗೆ ಕೊಡ್ತೀನಿ" ಎನ್ನುವ ಮನೆಯವರೂ ನಮ್ಮಲ್ಲಿ ಇದ್ದಾರೆ. ತೊಂಬತ್ತು ದಿನದ ಲೆಕ್ಕಕ್ಕೂ ಆ ಪ್ರತಿಗಳು ಒದಗುತ್ತವೆ.

ಎರಡು ಜೊತೆ ಸೇಫ್ಟಿ ಬೆಲ್ಟು, ಗಟ್ಟಿ ಹಗ್ಗ, ಹೆಲ್ಮೆಟ್ಟು, ಒಂದು ಒಳ್ಳೆಯ ಏಣಿ, ಇವನ್ನು ಪಂಚಾಯಿತಿ ಕೊಂಡು ದಿನಬಾಡಿಗೆಗೆ ಕೊಡಲಿ. ಕೆಲಸದವರು ತಾವೇ ಕೊಳ್ಳುವಷ್ಟು ನಾವು ಕೂಲಿ ಕೊಡುತ್ತಿಲ್ಲ. ಕಂಬದಿಂದ ಮನೆಗೆ ಬರುವ ಕರೆಂಟಿನ ತಂತಿ ಎಷ್ಟೋ ಮನೆಗಳಲ್ಲಿ ಮಾಡಿಗೆ ತಾಗಿಕೊಂಡೇ ಹೋಗುತ್ತದೆ. ಉದ್ದದ ಶೀಟು ಎತ್ತುವ ಮೊದಲು ಲೈನ್‌ಮ್ಯಾನ್‌ಗೆ ಹೇಳಿ ಲೈನು ತೆಗೆಸುವ ಜವಾಬ್ದಾರಿ ಮನೆಯವರದು ಎಂದು ಒಪ್ಪಂದದಲ್ಲೇ ಸೇರಿಸಿ. ಹಳೆಯ ಮನೆ ಕೆಡವುವವರು ಹಂಚನ್ನು ಗುಂಡಿಗೆ ಸುರಿಯುವ ಮೊದಲು ಪಂಚಾಯಿತಿಗೆ ಒಂದು ಮಾತು ತಿಳಿಸಲಿ. ನೂರು ಚದರ ಅಡಿಗೆ ಸುಮಾರು ನೂರೈವತ್ತು ಹಂಚು ಬೇಕು. ಕೆಡವಿದ ಒಂದು ಮನೆಯ ಹಂಚು ಹತ್ತು ಮನೆಗಳ ರಿಪೇರಿಗೆ ಸಾಕು. ಹಳೇ ಶಾಲೆಯ ಹಿಂದಿನ ಶೆಡ್ಡಿನಲ್ಲಿ ಮುದ್ರೆ ಪ್ರಕಾರ ಜೋಡಿಸಿಡಲು ಜಾಗ ಇದೆ. ಜೋಡಿಸಲು ನಾನೂ ಬರುತ್ತೇನೆ.

ಊರವರಲ್ಲಿ ಒಂದು ವಿನಂತಿ. ಮೇ ತಿಂಗಳವರೆಗೆ ಕಾಯಬೇಡಿ. ಎಲ್ಲರೂ ಒಟ್ಟಿಗೆ ಕರೆದರೆ ಗೊತ್ತಿದ್ದವರು ಸಿಗುವುದಿಲ್ಲ. ಸಿಕ್ಕವರ ಕೆಲಸ ಗೊತ್ತಿರುವುದಿಲ್ಲ. ಈ ವಾರವೇ ಒಂದು ಮಧ್ಯಾಹ್ನ ಬಾಗಿಲು ಮುಚ್ಚಿಕೊಂಡು ತಲೆಯೆತ್ತಿ ನೋಡಿ. ಬೆಲೆ ಕೇಳುವ ಮೊದಲು, ಬಂದವರು ಅಟ್ಟ ಹತ್ತಿ ನೋಡಿದರಾ ಎಂದು ಗಮನಿಸಿ. ಕೂಲಿಯಲ್ಲಿ ನೂರು ರೂಪಾಯಿ ಇಳಿಸಲು ಮಾಡುವ ಚರ್ಚೆಯನ್ನು ಹಗ್ಗ ಎಲ್ಲಿ ಕಟ್ಟುವುದು ಎಂಬುದಕ್ಕೆ ಮಾಡಿ.

ನನ್ನ ಮುಂಗಡ ತೆಗೆದುಕೊಂಡು ಹೋದವರು ಇದನ್ನು ಓದಿದರೆ ಅವರಿಗೂ ಹೇಳುತ್ತೇನೆ: ನಿಮಗೆ ಏನೋ ಕಷ್ಟ ಬಂದಿರಬಹುದು, ಬೇರೆ ಕಡೆ ಹಣ ಸಿಕ್ಕಿಹಾಕಿಕೊಂಡಿರಬಹುದು. ಬಂದು ಹೇಳಿ. ಆ ಮೂವರು ಹುಡುಗರಿಗೆ ಎರಡು ದಿನದ ಕೂಲಿ ನೀವು ಕೊಟ್ಟಿರಾ ಎಂಬುದನ್ನೂ ನಾನು ಕೇಳಬೇಕಿದೆ.

ಒಪ್ಪಂದ ಪತ್ರದ ಮಾದರಿಯನ್ನು ಕೈಬರಹದಲ್ಲಿ ಸಿದ್ಧಮಾಡಿ ಈ ಪತ್ರದ ಜೊತೆ ನಿಮ್ಮ ಕಚೇರಿಗೆ ಕೊಟ್ಟಿದ್ದೇನೆ. ಮುಂದಿನ ಗ್ರಾಮಸಭೆಯಲ್ಲಿ ಇದನ್ನು ಚರ್ಚೆಗೆ ತೆಗೆದುಕೊಳ್ಳಿ. ಮೇಸ್ತ್ರಿಯವರೂ ಅವರ ತಂಗಿಯ ಮಗನೂ ಸಭೆಗೆ ಬರಲು ಒಪ್ಪಿದ್ದಾರೆ. ಪುಸ್ತಕದಲ್ಲಿ ಮೊದಲ ಹೆಸರು ಹುಡುಗನದು ಇರಲಿ ಎಂದು ಮೇಸ್ತ್ರಿ ಹೇಳಿದ್ದಾರೆ. ಅವರಿಗೆ ಮೆಟ್ಟಿಲು ಹತ್ತಲು ಆಗುವುದಿಲ್ಲ. ಸಭೆಯನ್ನು ಮಹಡಿಯ ಬದಲು ಕೆಳಗಿನ ಹಾಲಿನಲ್ಲೇ ಇಟ್ಟುಕೊಳ್ಳಬೇಕಾಗಿ ಕೋರುತ್ತೇನೆ.

ಇಂತಿ,
ನಿಮ್ಮ ಊರಿನ ಒಬ್ಬ ನಿವೃತ್ತ ಶಿಕ್ಷಕಿ